ಹಳೆಯ ಡಿಸ್ಕಿನ ಪ್ರತಿ

ಮನೆಯ ಲೆಕ್ಕಪತ್ರ, ಮಕ್ಕಳ ಛಾಯಾಚಿತ್ರ, ಅಗಲಿದ ಹಿರಿಯರ ಧ್ವನಿ, ಇವೆಲ್ಲವೂ ಈಗ ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿ ನೆಲೆಸಿರುವುದು ವಾಚಕಮಹಾಶಯರಿಗೆ ತಿಳಿದೇ ಇದೆ. ಡಿಸ್ಕಾದರೋ ಸವೆಯುವ ವಸ್ತು. ಅದು ಕೆಡುವುದಕ್ಕೆ ಮುಂಚೆಯೇ ಹೊಸದಕ್ಕೆ ಪ್ರತಿಮಾಡಿಕೊಳ್ಳುವುದು ವಿವೇಕಿಗಳ ಲಕ್ಷಣ.

ಕಡತಗಳನ್ನು ಮಾತ್ರ ನಕಲು ಮಾಡಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದೆನ್ನುವೆವು. ಯಂತ್ರವನ್ನು ಎಚ್ಚರಿಸುವ ಸೂಚನೆಗಳೂ ಡಿಸ್ಕಿನ ವಿಭಾಗಗಳ ಪಟ್ಟಿಯೂ ಕಡತಗಳ ಹೊರಗೆ ಅಡಗಿರುತ್ತವೆ. ಹಳೆಯ ಪದ್ಧತಿಯಲ್ಲಿ ಮೊದಲ 512 ಬೈಟುಗಳು ಇದಕ್ಕೇ ಮೀಸಲು. ಇವನ್ನೂ ಬಿಡದೆ ಎತ್ತಿಕೊಳ್ಳುವುದಕ್ಕೆ ಕ್ಲೋನಿಂಗ್ ಎಂದು ಹೆಸರು. ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶವು ಈ ಕೆಲಸಕ್ಕೆ ಉಚಿತವಾಗಿ ದೊರೆಯುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಪ್ರತಿಯನ್ನು ಪಡೆಯುವ ಡಿಸ್ಕಿನಲ್ಲಿ ಮೊದಲಿದ್ದುದೆಲ್ಲ ಅಳಿದುಹೋಗುವುದು. ಮೂಲ ಯಾವುದು, ಪ್ರತಿ ಯಾವುದು ಎಂಬುದು ಅದಲುಬದಲಾದರೆ ತುಂಬಿದ ಡಿಸ್ಕೇ ಬರಿದಾದೀತು. ಎರಡನೆಯದಾಗಿ, ಪ್ರತಿಯು ಚಿಕಿತ್ಸೆಯಲ್ಲ. ಓಲೆಗರಿಯ ಲಿಪಿಕಾರನು ಮಾತೃಕೆಯ ತಪ್ಪನ್ನೂ ಇದ್ದಂತೆಯೇ ಬರೆದಿಡುವ ಹಾಗೆ, ಹಳೆಯದರಲ್ಲಿದ್ದ ವೈರಸ್ಸೂ ಕೆಟ್ಟ ಕಡತವೂ ಹೊಸದಕ್ಕೆ ಬರುವುವು.

ಪ್ರತಿ ಮುಗಿದ ಮೇಲೆ ಹಳೆಯ ಡಿಸ್ಕನ್ನು ಬಿಚ್ಚಿಟ್ಟು, ಹೊಸದರಿಂದಲೇ ಯಂತ್ರವನ್ನು ನಡೆಸಿ ನೋಡತಕ್ಕದ್ದು. ಒಂದೇ ಗುರುತಿನ ಎರಡು ಡಿಸ್ಕುಗಳು ಒಟ್ಟಿಗೆ ಕಂಡರೆ ಯಂತ್ರಕ್ಕೆ ಭ್ರಾಂತಿಯುಂಟಾಗುವ ಸಂಭವವಿದೆ. ಬಳಿಕ ಮುಖ್ಯವಾದ ಕಡತಗಳನ್ನು ಒಂದೊಂದಾಗಿ ತೆರೆದು ಪರೀಕ್ಷಿಸಬೇಕು. ಕೆಲವು ವಾರಗಳು ನಿರ್ವಿಘ್ನವಾಗಿ ಕಳೆಯುವ ತನಕ ಹಳೆಯದನ್ನು ಅಳಿಸದೆ ಜೋಪಾನವಾಗಿಡಬೇಕೆಂಬುದು ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ. ಹೊಸ ಡಿಸ್ಕನ್ನು ಅಂಗಡಿಯಿಂದ ತರಬಹುದು. ಹಿರಿಯರ ಧ್ವನಿಯನ್ನು ತರಲಾಗದು.