ಆನೆಗೆ ಆರು ಸಲ, ನಮಗೆ ಎರಡೇ ಸಲ

ಈ ಸಲ ಒಂದು ಪುಟ್ಟ ಪ್ರಶ್ನೆಯಿಂದಲೇ ಶುರು ಮಾಡೋಣ. ಆನೆಯ ದಂತ ಕೋರೆಹಲ್ಲೋ, ಬಾಚಿಹಲ್ಲೋ? ಕೋರೆಹಲ್ಲು ಅಂದಿರಾ? ಅಲ್ಲ, ಅದು ಉದ್ದಕ್ಕೆ ಬೆಳೆದ ಬಾಚಿಹಲ್ಲು. ಆನೆಗೆ ಕೋರೆಹಲ್ಲೇ ಇಲ್ಲ!

ಹಲ್ಲು ನೋಡಿದರೆ ಊಟ ಯಾವುದೆಂದು ಹೇಳಬಹುದು. ಹಸುವಿನ ಬಾಯಿ ನೋಡಿ. ಮೇಲ್ದವಡೆಯ ಮುಂದೆ ಹಲ್ಲಿಲ್ಲ, ಬರೀ ಗಟ್ಟಿ ವಸಡು. ಹುಲ್ಲನ್ನು ನಾಲಗೆಯಿಂದ ಸುತ್ತಿ, ಕೆಳಗಿನ 8 ಹಲ್ಲುಗಳನ್ನು ಆ ವಸಡಿಗೆ ಒತ್ತಿ ಕೀಳುತ್ತದೆ. ಹಿಂದಿನ ದವಡೆ ಹಲ್ಲುಗಳು ಅಡ್ಡಡ್ಡ ಸರಿದು ಬೀಸುಕಲ್ಲಿನ ಹಾಗೆ ಅರೆಯುತ್ತವೆ. ನಮ್ಮೂರ ದನದ ಜಾತ್ರೆಗಳಲ್ಲಿ 'ಎರಡು ಹಲ್ಲು', 'ನಾಲ್ಕು ಹಲ್ಲು', 'ಬಾಯಿಗೂಡಿದೆ' ಎಂದು ವಯಸ್ಸು ಲೆಕ್ಕ ಹಾಕುವುದು ಕೆಳಗಿನ ಈ ಹಲ್ಲುಗಳನ್ನು ನೋಡಿಯೇ.

ನಾಯಿ, ಬೆಕ್ಕುಗಳ ದವಡೆ ಹಲ್ಲು ಕತ್ತರಿಯ ಅಲಗಿನಂತೆ. ಮಾಂಸ ತುಂಡರಿಸಿ ನುಂಗುವುದಷ್ಟೇ ಅವುಗಳ ಕೆಲಸ. ಇಲಿಯ ಬಾಚಿಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಕಡಿದು ಕಡಿದು ಸವೆಸದಿದ್ದರೆ ಬಾಯಿ ಮುಚ್ಚುವುದೂ ಕಷ್ಟ.

ಆನೆಯ ದವಡೆಯ ಪ್ರತಿ ಬದಿಯಲ್ಲೂ ಹಲ್ಲುಗಳು ಹಿಂದಿನಿಂದ ಮುಂದಕ್ಕೆ ಸರಿಯುತ್ತ ಬರುತ್ತವೆ. ಒಂದು ಸವೆದಂತೆ ಇನ್ನೊಂದು, ಹೀಗೆ ಒಟ್ಟು 6 ಸಲ. ಮುಪ್ಪಿನಲ್ಲಿ ಕೊನೆಯದೂ ಸವೆದರೆ ಕಾಡಿನ ತುಂಬ ಸೊಪ್ಪಿದ್ದರೂ ಅಗಿಯಲಾಗದು. 'ಕಡಲೆ ಇದ್ದಾಗ ಹಲ್ಲಿಲ್ಲ' ಎಂಬ ನಮ್ಮ ಗಾದೆ ಪಾಪ, ಅದಕ್ಕೇ ಸರಿಯಾಗಿ ಹೊಂದುತ್ತದೆ.

ಇನ್ನು ನಮ್ಮ ಸರದಿ. ಹಾಲುಹಲ್ಲು 20, ಆಮೇಲೆ ಕಾಯಂ ಹಲ್ಲು 32. ಕತ್ತರಿಸಲು 8 ಬಾಚಿಹಲ್ಲು, ಸಿಗಿಯಲು 4 ಕೋರೆಹಲ್ಲು, ಅರೆಯಲು 8 ಮುಂದವಡೆ ಮತ್ತು 12 ದವಡೆ ಹಲ್ಲು. ರೊಟ್ಟಿಯೂ ಸೈ, ಮೀನೂ ಸೈ! ಆದರೆ ಮೂರನೇ ಸಲ ಹಲ್ಲು ಹುಟ್ಟುವುದಿಲ್ಲ. ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೆ ಕೆಲಸ ಮುಗಿಸಿ ಹೊರಟುಹೋಗಿರುತ್ತವೆ. ಹಾಗಾಗಿ ಮುರಿದ ಮೂಳೆ ಕೂಡೀತು, ಕುಳಿ ಬಿದ್ದ ಹಲ್ಲು ತಾನಾಗಿ ತುಂಬಿಕೊಳ್ಳದು.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇದನ್ನು ಮರೆಯಬೇಡಿ. ಸುಮಾರು 6ನೇ ವರ್ಷಕ್ಕೆ ಹಾಲುಹಲ್ಲುಗಳ ಸಾಲಿನ ಹಿಂದೆ, ಮೇಲೆ ಎರಡು, ಕೆಳಗೆ ಎರಡು ದವಡೆ ಹಲ್ಲು ಬರುತ್ತವೆ. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರುವುದರಿಂದ ಎಷ್ಟೋ ಅಪ್ಪ ಅಮ್ಮಂದಿರು 'ಹಾಲುಹಲ್ಲು ತಾನೇ, ಹುಳುಕಾದರೂ ಬಿದ್ದುಹೋಗುತ್ತೆ' ಅಂದುಕೊಳ್ಳುತ್ತಾರೆ. ಅದು ಬೀಳುವ ಹಲ್ಲಲ್ಲ. ಕೊನೆತನಕ ಅಗಿಯಬೇಕಾದ ಹಲ್ಲು. ಹಾಲುಹಲ್ಲನ್ನೂ ಕಡೆಗಣಿಸಬೇಡಿ, ಮುಂದೆ ಬರುವ ಹಲ್ಲಿಗೆ ಜಾಗ ಕಾಯುವುದು ಅದೇ.

ಇವತ್ತು ರಾತ್ರಿ ಮಗುವಿಗೆ 'ಆ' ಅನ್ನಿಸಿ, ಟಾರ್ಚ್ ಹಿಡಿದು ಸಾಲಿನ ಕೊನೆಯ ಹಲ್ಲನ್ನೊಮ್ಮೆ ನೋಡಿ. ಕಪ್ಪು ಚುಕ್ಕೆ ಕಂಡರೆ ನೋವು ಬರುವ ತನಕ ಕಾಯದೆ ದಂತವೈದ್ಯರಿಗೆ ತೋರಿಸಿ.