ಗದಗ ಸೀಮೆ: ನಾಲ್ಕು ಊರು, ಮೂರು ಆಡಳಿತ

ಹುಬ್ಬಳ್ಳಿಯಿಂದ ಪೂರ್ವಾಭಿಮುಖವಾಗಿ ರೈಲಿನಲ್ಲಿ ಪ್ರಯಾಣ ಮಾಡಿದ ಶ್ರೋತೃಗಳಿಗೆ ಗದಗ ನಿಲ್ದಾಣದ ಪರಿಚಯವಿದ್ದೇ ಇರುತ್ತದೆ. ಊರಿನ ದಕ್ಷಿಣಕ್ಕೆ ಕಪ್ಪತಗುಡ್ಡದ ಸಾಲು ತುಂಗಭದ್ರೆಯವರೆಗೂ ಹಬ್ಬಿದೆ. ಗುಡ್ಡದ ಪೂರ್ವಕ್ಕೆ ಮುಂಡರಗಿ, ಪಶ್ಚಿಮಕ್ಕೆ ಶಿರಹಟ್ಟಿ, ಅದರಾಚೆ ಲಕ್ಷ್ಮೇಶ್ವರ. ಉತ್ತರದ ಎರೆಭೂಮಿಯಲ್ಲಿ ಗದಗ ಬೆಟಗೇರಿಗಳೆಂಬ ಜೋಡಿ ಊರು. ಎರೆಯಲ್ಲಿ ಹತ್ತಿ, ಜೋಳ; ಬೆಟಗೇರಿಯಲ್ಲಿ ಮಗ್ಗ. 1884ರಲ್ಲಿ ರೈಲು ಬಂದ ಮೇಲೆ ಗದಗಿನ ಹತ್ತಿಯ ಪೇಟೆಯು ಬೆಳೆಯಿತು.

ಈ ನಾಲ್ಕು ಊರುಗಳ ನಡುವೆ ದೂರವು ಹೆಚ್ಚಿಲ್ಲ. ಗದಗಿನಿಂದ ಉಳಿದ ಮೂರೂ ಹೆಚ್ಚುಕಡಿಮೆ 40 ಕಿಲೋಮೀಟರಿನೊಳಗೇ ಇವೆ. ಆದರೂ ನೂರು ವರ್ಷಕ್ಕೂ ಮೇಲ್ಪಟ್ಟು ಇವು ಮೂರು ಆಡಳಿತಗಳಿಗೆ ಹಂಚಿಹೋಗಿದ್ದುವು. ಗದಗ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದುವು. ಶಿರಹಟ್ಟಿಯು ಸಾಂಗಲಿಯ, ಲಕ್ಷ್ಮೇಶ್ವರವು ಮಿರಜದ ಸಂಸ್ಥಾನಕ್ಕೆ ಸೇರಿದ್ದುವು. ಈ ಎರಡು ಸಂಸ್ಥಾನಗಳ ದೊರೆಗಳೂ ಪಟವರ್ಧನ ಮನೆತನದವರೇ. ಪೇಶವೆಯವರ ಕಾಲದಲ್ಲಿ ದಂಡಿನ ವೆಚ್ಚಕ್ಕೆಂದು ದೊರೆತ ಸರಂಜಾಮು, ಮನೆತನವು ಪಾಲಾದಾಗ ತಾನೂ ಪಾಲಾಯಿತು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆಯೇ ಇದೂ ಎನ್ನಬೇಕು. ಹೀಗೆ ಲಕ್ಷ್ಮೇಶ್ವರದ ರೈತನ ಕಂದಾಯವು ಇನ್ನೂರು ಕಿಲೋಮೀಟರಿಗೂ ದೂರದ ಮಿರಜವನ್ನು ಸೇರುತ್ತಿತ್ತು. ಆ ದರಬಾರಿನ ಬರವಣಿಗೆಯೋ ಮರಾಠಿ.

ಇದರ ವೈಪರೀತ್ಯವನ್ನು ನಾವು ಅರಿಯಬೇಕಾದರೆ ಲಕ್ಷ್ಮೇಶ್ವರದ ಹಳೆಯ ಹೆಸರನ್ನು ನೆನೆಯಬೇಕು. ಅದೇ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನೇ ಕನ್ನಡದ ತಿರುಳೆಂದು ಗುರುತಿಸಿತು. ಪಂಪನು 941ರ ತನ್ನ ಭಾರತಕ್ಕೆ ಪುಲಿಗೆರೆಯ ಕನ್ನಡವನ್ನೇ ಆರಿಸಿಕೊಂಡನು. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತ ಬರೆದನೆಂಬ ಪ್ರತೀತಿಯನ್ನು ಬಲ್ಲದವರಿಲ್ಲ. ಭಾಷೆಯ ಈ ತಿರುಳೇ ಆಡಳಿತದ ಅಂಚಾಯಿತು.

ಗಡಿಯ ಬೆಲೆಯೇನೆಂಬುದನ್ನು ಮುಂಡರಗಿಯವರು ಮೊದಲೇ ಕಂಡಿದ್ದರು. 1858ರಲ್ಲಿ ಮುಂಡರಗಿ ಭೀಮರಾಯರು ಕಂಪನಿಯ ಮೇಲೆ ದಂಗೆಯೆದ್ದು, ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು, ನಿಜಾಮರ ಸೀಮೆಯ ಕೊಪ್ಪಳದ ಕೋಟೆಯನ್ನು ಸೇರಿದರು. ಕಂಪನಿಯ ದಂಡಿಗೆ ಮಾತ್ರ ಆ ಗಡಿಯು ಅಡ್ಡಿಯಾಗಲಿಲ್ಲ. ಕೋಟೆಯೊಡನೆ ಭೀಮರಾಯರೂ ಬಿದ್ದರು.

ಒಂದಾಗಬೇಕೆಂಬ ಹಂಬಲವೂ ಇಲ್ಲಿಂದಲೇ ಹೊರಟಿತು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಕೇಳಿಬಂದ ನಾಡಗೀತೆಯ ಕರ್ತೃ ಹುಯಿಲಗೋಳ ನಾರಾಯಣರಾಯರು ಗದಗಿನಲ್ಲಿ ವಕೀಲರಾಗಿದ್ದವರು. 1948ರ ಮಾರ್ಚಿಯಲ್ಲಿ ಸಾಂಗಲಿ, ಮಿರಜಗಳು ಮುಂಬಯಿಯಲ್ಲಿ ವಿಲೀನವಾದುವು. ಶಿರಹಟ್ಟಿ, ಲಕ್ಷ್ಮೇಶ್ವರಗಳು ಧಾರವಾಡ ಜಿಲ್ಲೆಗೆ ಬಂದುವು. 1956ರ ನವೆಂಬರ್ 1ರಂದು ಜಿಲ್ಲೆಯೇ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಗದಗ ಜಿಲ್ಲೆಯು ಹುಟ್ಟಿ, ನಾಲ್ಕೂ ಊರುಗಳು ಒಬ್ಬ ಜಿಲ್ಲಾಧಿಕಾರಿಯ ಕೈಕೆಳಗೆ ಬಂದುವು. ಶಿರಹಟ್ಟಿ ತಾಲ್ಲೂಕಿನೊಳಗೇ ಇದ್ದ ಲಕ್ಷ್ಮೇಶ್ವರವು ಬಳಿಕ ಬೇರೆ ತಾಲ್ಲೂಕಾಯಿತು. ಹಿಂದೆ ಇಬ್ಬರು ದೊರೆಗಳಿದ್ದ ಕಡೆ ಈಗ ಇಬ್ಬರು ತಹಶೀಲ್ದಾರರು. ಇಬ್ಬರ ಕಚೇರಿಯ ಬರವಣಿಗೆಯೂ ಕನ್ನಡವೇ.