ರಹಸ್ಯ ಕಾದಂಬರಿಯೂ ವಾಚಕರ ತೀರ್ಪೂ

ಪತ್ತೇದಾರಿ ಕಾದಂಬರಿಯನ್ನು ಕಾಲಹರಣದ ಸಾಮಗ್ರಿಯೆಂದು ಬದಿಗಿಡುವುದು ವಿದ್ವದ್ವಲಯದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಆದರೆ ಒಂದು ಕಾಲದ ಜನರು ಯಾವುದನ್ನು ಅಪರಾಧವೆಂದು ಬಗೆದರು, ಯಾರ ಮಾತನ್ನು ನಂಬಿದರು, ಎಂತಹ ಆಧಾರವನ್ನು ಸಾಕೆಂದು ಒಪ್ಪಿದರು ಎಂಬುದನ್ನು ತಿಳಿಯಬಯಸುವ ಇತಿಹಾಸದ ವಿದ್ಯಾರ್ಥಿಗೆ ಈ ಕಾದಂಬರಿಗಳು ಉಪಯುಕ್ತವಾಗಬಲ್ಲವು. ಅವುಗಳನ್ನು ಕುರಿತು ವಾಚಕರು ಕೊಟ್ಟ ಅಭಿಪ್ರಾಯಗಳು ಇನ್ನೂ ಹೆಚ್ಚು ಉಪಯುಕ್ತ. ಪುಸ್ತಕವು ಇದ್ದಂತೆಯೇ ಇರುತ್ತದೆ. ತಲೆಮಾರು ಕಳೆದಂತೆ ಅದರ ಮೇಲಿನ ತೀರ್ಪು ಮಾತ್ರ ಬದಲಾಗುತ್ತದೆ. ಈ ಬದಲಾವಣೆಯ ಸ್ವರೂಪವನ್ನು ಮೂರು ಇಂಗ್ಲಿಷ್ ಕಾದಂಬರಿಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಅಪರಾಧ ಯಾವುದು?

ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್' ೧೮೬೮ರ ಜನವರಿಯಿಂದ ಆಗಸ್ಟ್‌ವರೆಗೆ ಚಾರ್ಲ್ಸ್ ಡಿಕನ್ಸನ 'ಆಲ್ ದಿ ಇಯರ್ ರೌಂಡ್' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಇದಕ್ಕೆ ಐದು ವರ್ಷಗಳ ಹಿಂದೆಯೇ, ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಎಚ್. ಎಲ್. ಮ್ಯಾನ್ಸೆಲ್ಲನು 'ಕ್ವಾರ್ಟರ್ಲಿ ರಿವ್ಯೂ' ಪತ್ರಿಕೆಯಲ್ಲಿ ಇಂತಹ ರೋಮಾಂಚಕ ಕಾದಂಬರಿಗಳನ್ನು ಸಮಾಜದ ರೋಗಲಕ್ಷಣಗಳೆಂದು ಖಂಡಿಸಿದ್ದನು. ಸಾಮಾನ್ಯ ವಾಚಕರು ಈ ಖಂಡನೆಗೆ ಕಿವಿಗೊಟ್ಟಂತೆ ತೋರುವುದಿಲ್ಲ. ಕಥೆ ಮುಗಿಯುತ್ತ ಬಂದಾಗ ಹೊಸ ಸಂಚಿಕೆಗಾಗಿ ಪತ್ರಿಕೆಯ ಕಚೇರಿಯ ಮುಂದೆ ಜನ ಗುಂಪುಗೂಡುತ್ತಿದ್ದರೆಂದೂ, ಹೊರೆಯಾಳುಗಳು ಸಹ ಮೂಲೆಯಲ್ಲಿ ನಿಂತು ಓದುತ್ತಿದ್ದರೆಂದೂ, ವಜ್ರ ಎಲ್ಲಿ ಸಿಕ್ಕೀತೆಂದು ಪಂದ್ಯ ಕಟ್ಟಿದವರಿದ್ದರೆಂದೂ ಪ್ರಕಾಶಕ ವಿಲಿಯಂ ಟಿನ್ಸ್ಲಿಯು ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ. ಮೊದಲು ಕಥೆಯನ್ನು ಮೆಚ್ಚಿದ್ದ ಡಿಕನ್ಸನೋ ೧೮೬೮ರ ಜುಲೈಯಲ್ಲಿ ಬರೆದ ಖಾಸಗಿ ಪತ್ರವೊಂದರಲ್ಲಿ ಅದರ ರಚನೆಯು ತನಗೆ ಸಹಿಸಲಾರದಷ್ಟು ಬೇಸರ ತಂದಿದೆಯೆಂದು ಹೇಳಿದ್ದಾನೆ. ಹೀಗೆ ಒಂದೇ ತಿಂಗಳಿನಲ್ಲಿ ಸಂಪಾದಕನ ಅಭಿಪ್ರಾಯವೂ ಗಿರಾಕಿಗಳ ಅಭಿಪ್ರಾಯವೂ ಬೇರೆಯಾಗಿದ್ದವು.

ಅಂದಿನ ವಾಚಕರು ಕೇಳಿದ ಪ್ರಶ್ನೆ ಒಂದೇ: ರೇಚಲ್ ವೆರಿಂಡರಳ ಕೋಣೆಯಿಂದ ವಜ್ರವನ್ನು ತೆಗೆದವರಾರು? ಕನ್ನಡ ನಾಡಿನ ವಾಚಕನಿಗೆ ಇದಕ್ಕಿಂತ ಹಿಂದಿನ ಪ್ರಶ್ನೆಯೊಂದು ಏಳುವುದು ಸಹಜ. ಏಕೆಂದರೆ ಕಾದಂಬರಿಯ ಪೀಠಿಕೆ ನಡೆಯುವುದು ೧೭೯೯ರ ಮೇ ೪ರಂದು, ಶ್ರೀರಂಗಪಟ್ಟಣದಲ್ಲಿ. ಸೋಮನಾಥದ ಚಂದ್ರದೇವನಿಗೆ ಸೇರಿದ್ದ ವಜ್ರವು ಕೈಯಿಂದ ಕೈಗೆ ದಾಟಿ ಟೀಪೂ ಸುಲ್ತಾನನ ಆಯುಧಾಗಾರದಲ್ಲಿ ಕಠಾರಿಯ ಹಿಡಿಯನ್ನು ಸೇರಿರುತ್ತದೆ. ಕೋಟೆ ಬಿದ್ದ ದಿನ ಹರ್ನ್‌ಕಾಸಲ್ ಎಂಬ ಅಧಿಕಾರಿ ಅದರ ಕಾವಲುಗಾರರನ್ನು ಕೊಂದು ಅದನ್ನು ಅಪಹರಿಸುತ್ತಾನೆ. ಲೂಟಿ ಮಾಡಿದವರನ್ನು ಗಲ್ಲಿಗೇರಿಸುವುದಾಗಿ ಜನರಲ್ ಬೇರ್ಡನು ಸಾರಿದನೆಂದು ಕಾದಂಬರಿ ಹೇಳುತ್ತದೆ.

ಇಲ್ಲಿ ಇತಿಹಾಸವನ್ನು ಕಥೆಯ ಪಕ್ಕದಲ್ಲಿಟ್ಟು ನೋಡಬೇಕು. ಆ ರಾತ್ರಿ ಪಟ್ಟಣದಲ್ಲಿ ನಿಜವಾಗಿಯೂ ಲೂಟಿ ನಡೆಯಿತು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯು ಕೆಲವರನ್ನು ಗಲ್ಲಿಗೇರಿಸಿ ಅದನ್ನು ನಿಲ್ಲಿಸಿದನು. ಆದರೆ ಅನಂತರ ಅರಮನೆಯ ಭಂಡಾರವನ್ನು ಸೈನ್ಯವೇ ಲೆಕ್ಕಹಾಕಿ, ದರ್ಜೆಗೆ ತಕ್ಕಂತೆ ಅಧಿಕಾರಿಗಳಿಗೂ ಸಿಪಾಯಿಗಳಿಗೂ ಹಂಚಿತು. ಟೀಪುವಿನ ಸಿಂಹಾಸನವನ್ನೂ ಒಡೆದು ಪಾಲು ಮಾಡಲಾಯಿತು. ಒಬ್ಬನು ಕದ್ದರೆ ಕಳವು, ಸೈನ್ಯವು ಹಂಚಿಕೊಂಡರೆ ಬಹುಮಾನ ಎಂಬ ಈ ಭೇದವನ್ನು ಕಾದಂಬರಿಯು ಪ್ರಶ್ನಿಸುವುದಿಲ್ಲ. ಹರ್ನ್‌ಕಾಸಲನನ್ನು ಮಾತ್ರ ದೋಷಿಯಾಗಿ ನಿಲ್ಲಿಸುತ್ತದೆ. ಟಿ. ಎಸ್. ಎಲಿಯಟನು ೧೯೨೦ರ ದಶಕದಲ್ಲಿ ಈ ಕೃತಿಯನ್ನು ಆಧುನಿಕ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಮೊದಲನೆಯದೂ ಉತ್ತಮೋತ್ತಮವೂ ಆದುದೆಂದು ಹೊಗಳಿದಾಗ ಗಮನಿಸಿದುದು ಅದರ ಕಟ್ಟಡವನ್ನು. ೧೯೭೦ರ ದಶಕದಿಂದೀಚೆಗೆ ವಿಮರ್ಶಕರು ಸಾಮ್ರಾಜ್ಯಶಾಹಿಯ ಮೂಲ ಅಪರಾಧದ ಕಡೆಗೆ ದೃಷ್ಟಿ ತಿರುಗಿಸಿದ್ದಾರೆ.

ಹಾಗೆಂದು ಹಳೆಯ ವಾಚಕರೆಲ್ಲರೂ ಕುರುಡರಾಗಿದ್ದರೆಂದು ತಿಳಿಯಲಾಗದು. ೧೮೬೮ರ 'ಅಥೀನಿಯಂ' ಪತ್ರಿಕೆಯಲ್ಲಿ ವಿಮರ್ಶೆ ಬರೆದ ಜೆರಾಲ್ಡೀನ್ ಜ್ಯೂಸ್‌ಬರಿಯ ಮನಸ್ಸನ್ನು ಎಲ್ಲಕ್ಕಿಂತ ಕಲಕಿದುದು, ವಜ್ರಕ್ಕಾಗಿ ಜಾತಿಯನ್ನೇ ತೊರೆದ ಮೂವರು ಬ್ರಾಹ್ಮಣರು ಕೊನೆಯಲ್ಲಿ ಒಬ್ಬರನ್ನೊಬ್ಬರು ಅಗಲುವ ದೃಶ್ಯ. ಹೊಸ ಓದಿನ ಬೀಜ ಹಳೆಯ ಓದಿನಲ್ಲಿಯೇ ಇತ್ತೆಂಬುದಕ್ಕೆ ಇದು ಸಾಕ್ಷಿ.

೨. ಸಾಕ್ಷಿಯನ್ನು ನಂಬಬಹುದೆ?

ಅಗಾಥ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್' ೧೯೨೬ರಲ್ಲಿ ಹೊರಬಂದಾಗ ವಿವಾದವೆದ್ದುದು ಕೊಲೆಗಾಗಿ ಅಲ್ಲ, ನಿರೂಪಣೆಗಾಗಿ. ಕಥೆ ಹೇಳುವವನು ಎಲ್ಲವನ್ನೂ ಹೇಳುತ್ತಾನೆಂದು ನಂಬಿದ್ದ ಕೆಲವರಿಗೆ ತಾವು ವಂಚಿತರಾದೆವೆನ್ನಿಸಿತು. ಎಲ್ಲರನ್ನೂ ಸಂದೇಹಿಸುವುದು ಓದುಗನ ಕೆಲಸವೆಂದು ಡೊರೊಥಿ ಸೇಯರ್ಸ್ ಕ್ರಿಸ್ಟಿಯ ಪಕ್ಷ ವಹಿಸಿದಳು. ಕಾದಂಬರಿಕಾರನು ಸುಳಿವುಗಳನ್ನು ಮುಚ್ಚಿಡಬಾರದೆಂಬ ಮೊದಲಾದ ಹತ್ತು ನಿಯಮಗಳನ್ನು ರೊನಾಲ್ಡ್ ನಾಕ್ಸನು ೧೯೨೯ರಲ್ಲಿ ಪ್ರಕಟಿಸಿದನು. ವಾಚಕನಿಗೂ ಒಂದು ಹಕ್ಕುಂಟು ಎಂಬ ಭಾವನೆ ಆ ಕಾಲದಲ್ಲಿ ಎಷ್ಟು ಬಲವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ನನು ೧೯೪೪ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಈ ಪ್ರಕಾರವನ್ನೇ ತುಚ್ಛೀಕರಿಸಿದಾಗ ಪ್ರತಿಭಟನೆಯ ಪತ್ರಗಳು ಬಂದವು. ಇಂತಿಂತಹ ಪುಸ್ತಕಗಳನ್ನು ಓದಿ ನೋಡಿರೆಂದು ಸಲಹೆಗಳೂ ಬಂದವು. ಅವನು ಅವುಗಳಲ್ಲಿ ಕೆಲವನ್ನು ಓದಿ, ೧೯೪೫ರಲ್ಲಿ ಅಕ್ರಾಯ್ಡನನ್ನು ಕೊಂದವರು ಯಾರಾದರೇನು ಎಂಬರ್ಥದ ಶೀರ್ಷಿಕೆಯಡಿ ಮತ್ತೊಮ್ಮೆ ಖಂಡಿಸಿದನು. ಕಾಲವು ಅವನ ಪಕ್ಷ ವಹಿಸಲಿಲ್ಲ. ಬ್ರಿಟನ್ನಿನ ಅಪರಾಧ ಸಾಹಿತ್ಯ ಲೇಖಕರ ಸಂಘವು ನಡೆಸಿದ ಮತದಾನಗಳಲ್ಲಿ ಈ ಕಾದಂಬರಿಗೆ ೧೯೯೦ರಲ್ಲಿ ಐದನೆಯ ಸ್ಥಾನವೂ ೨೦೧೩ರಲ್ಲಿ ಮೊದಲನೆಯ ಸ್ಥಾನವೂ ದೊರೆತವು. ಮತ ಕೊಟ್ಟವರು ವೃತ್ತಿನಿರತ ಲೇಖಕರೆಂಬುದನ್ನು ಇಲ್ಲಿ ಮರೆಯಬಾರದು. ಅವರ ತೀರ್ಪನ್ನು ಎಲ್ಲ ವಾಚಕರ ತೀರ್ಪೆಂದು ಎಣಿಸಲಾಗದು. ೧೯೯೮ರಲ್ಲಿ ಫ್ರಾನ್ಸಿನ ಪಿಯೆರ್ ಬಯಾರ್ಡನು ಇನ್ನೂ ಮುಂದೆ ಹೋಗಿ, ಪತ್ತೇದಾರ ಪ್ವಾರೋವಿನ ತೀರ್ಮಾನವೇ ತಪ್ಪಿರಬಹುದೆಂದು ಒಂದು ಗ್ರಂಥವನ್ನೇ ರಚಿಸಿದನು. ಹಳೆಯ ವಾಚಕನು ನಿರೂಪಕನನ್ನು ಸಂದೇಹಿಸಲು ಕಲಿತನು. ಹೊಸ ವಾಚಕನು ಪತ್ತೇದಾರನನ್ನೂ ಬಿಡಲಿಲ್ಲ. ಶಾಸನ, ಬಖೈರು, ಪ್ರವಾಸಕಥನಗಳನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಬೇಕಾದ ಅಭ್ಯಾಸವೂ ಇದೇ.

೩. ಆಧಾರ ಸಾಲುವುದೆ?

ಮೇಲೆ ಹೇಳಿದ ೧೯೯೦ರ ಮತದಾನದಲ್ಲಿ ಮೊದಲ ಸ್ಥಾನ ಪಡೆದುದು ಜೋಸೆಫೀನ್ ಟೇಯ 'ದಿ ಡಾಟರ್ ಆಫ್ ಟೈಮ್' (೧೯೫೧). ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದ ಇನ್‌ಸ್ಪೆಕ್ಟರ್ ಗ್ರಾಂಟನು ಮೂರನೆಯ ರಿಚರ್ಡನ ಚಿತ್ರಪಟವನ್ನು ನೋಡಿ, ಇಂತಹ ಮುಖದವನು ತನ್ನ ಅಣ್ಣನ ಮಕ್ಕಳನ್ನು ಕೊಲ್ಲಿಸಿರಲಾರನೆಂದು ಶಂಕಿಸಿ, ಪುಸ್ತಕಗಳಿಂದಲೇ ತನಿಖೆ ನಡೆಸುತ್ತಾನೆ. ಸರ್ ಥಾಮಸ್ ಮೋರನು ೧೪೮೩ರಲ್ಲಿ ಐದು ವರ್ಷದ ಬಾಲಕ. ಆದುದರಿಂದ ಅವನ ಬರಹವು ಕೇಳಿ ಬರೆದುದೇ ಹೊರತು ಕಂಡು ಬರೆದುದಲ್ಲವೆಂಬ ಗ್ರಾಂಟನ ವಾದ ಪ್ರಬಲವಾದುದು. ಈ ಪುಸ್ತಕ ಓದಿ ರಿಚರ್ಡನನ್ನು ನಿರ್ದೋಷಿಯೆಂದು ನಂಬಿದವರು ಬಹಳ ಮಂದಿ.

ಆದರೆ ಇತಿಹಾಸದ ಅಧ್ಯಾಪಕನು ಇಲ್ಲಿ ತುಸು ತಡೆದು ನಿಲ್ಲಬೇಕಾಗುತ್ತದೆ. ಹೊರೇಸ್ ವಾಲ್ಪೋಲ್ ೧೭೬೮ರಲ್ಲಿಯೂ ಕ್ಲೆಮೆಂಟ್ಸ್ ಮಾರ್ಕಮ್ ೧೯೦೬ರಲ್ಲಿಯೂ ರಿಚರ್ಡನ ಪರವಾಗಿ ಬರೆದಿದ್ದರು, ವಾದ ಹೊಸದಲ್ಲ. ಗ್ರಾಂಟನ ಸಂಶಯಕ್ಕೆ ಕಾರಣವಾದ ಲಂಡನ್ನಿನ ಚಿತ್ರಪಟವು ಹದಿನಾರನೆಯ ಶತಮಾನದ ಕೊನೆಯ ಭಾಗದ್ದು, ಎಂದರೆ ೧೪೮೫ರಲ್ಲಿ ರಿಚರ್ಡನು ಮಡಿದು ಸುಮಾರು ನೂರು ವರ್ಷಗಳಾದ ಮೇಲಿನದು. ಕೇಳಿದ ಮಾತನ್ನು ತಳ್ಳಿಹಾಕುವ ಪತ್ತೇದಾರನು ಕಾಣದೆ ಬರೆದ ಮುಖವನ್ನು ನಂಬಿದ್ದಾನೆ! ೨೦೧೨ರಲ್ಲಿ ಲೆಸ್ಟರಿನಲ್ಲಿ ದೊರೆತ ಅಸ್ಥಿಪಂಜರವು ರಿಚರ್ಡನದೇ ಎಂದು ೨೦೧೩ರ ಫೆಬ್ರವರಿಯಲ್ಲಿ ಘೋಷಿತವಾಯಿತು. ಬೆನ್ನೆಲುಬು ಪಕ್ಕಕ್ಕೆ ಬಾಗಿದ್ದುದು ಅದರಿಂದ ಖಚಿತವಾಯಿತು; ಶತ್ರುಗಳು ವರ್ಣಿಸಿದ ಓರೆಭುಜ ಬರಿಯ ಕಟ್ಟುಕಥೆಯಾಗಿರಲಿಲ್ಲ. ಮಕ್ಕಳ ಕೊಲೆಯ ವಿಷಯದಲ್ಲಿ ಎಲುಬುಗಳು ಏನನ್ನೂ ಹೇಳುವುದಿಲ್ಲ. ಒಳ್ಳೆಯ ಕಾದಂಬರಿ ಒಂದು ತೀರ್ಪಿನಲ್ಲಿ ಮುಗಿಯಲೇಬೇಕು. ಇತಿಹಾಸಕ್ಕೆ ಆ ನಿರ್ಬಂಧವಿಲ್ಲ.

೪. ಉಪಸಂಹಾರ

ಕನ್ನಡದಲ್ಲಿ ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಂತಹ ಪಾತ್ರಗಳು ಅಸಂಖ್ಯ ಜನರಿಗೆ ಓದಿನ ಅಭ್ಯಾಸ ಹಿಡಿಸಿದವು. ಹಿರಿಯ ವಾಚಕರು ಇದನ್ನು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುವುದುಂಟು. ಟಿನ್ಸ್ಲಿಯು ಬರೆದಿಡದಿದ್ದರೆ ಲಂಡನ್ನಿನ ಆ ಹೊರೆಯಾಳುಗಳ ಓದು ಮರೆತುಹೋಗುತ್ತಿತ್ತು. ನಮ್ಮ ಬಾಡಿಗೆ ಪುಸ್ತಕದಂಗಡಿಗಳ ಗಿರಾಕಿಗಳ ಓದಿಗೂ ಆ ಗತಿ ಬರಬಾರದಾದರೆ, ಅದನ್ನು ಕಂಡವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ, ತಮ್ಮ ಮನೆಯ ಹಿರಿಯರಿಂದಲೇ, ಕೈಗೊಳ್ಳಬಹುದಾದ ಕೆಲಸವಿದು. ಯಾವ ಪುಸ್ತಕ ಓದಿದಿರಿ ಎಂದು ಕೇಳಿ ಸುಮ್ಮನಾಗದೆ, ಅದರಲ್ಲಿ ಯಾರನ್ನು ನಂಬಿದಿರಿ, ಏಕೆ ನಂಬಿದಿರಿ ಎಂದೂ ಕೇಳಿದರೆ ಇತಿಹಾಸಕ್ಕೆ ಒದಗುವ ಸಾಮಗ್ರಿ ಅಲ್ಪವಲ್ಲ.